‘ಟು’ ಎಲ್ಲಿ ಕೂಡಬೇಕ್ರಿ ಸರ್?

ನಾನು ವಿಜ್ಞಾನದ ಮಾಸ್ತರ. ಓದಿದ್ದು ಬಿ.ಎಸ್ಸಿ., ಬಿ.ಇಡಿ. ಮೂಲಧಾತು, ಮಸೂರ, ಎಲೆಯ ಪತ್ರಹರಿತ್ತು ಇವುಗಳ ನಡುವೆ ಸುಖವಾಗಿ ಕಾಲ ಕಳೆಯಬೇಕಾದವನು. ಆದರೆ ಹಳ್ಳಿಯ ಹೈಸ್ಕೂಲು ಎಂದ ಮೇಲೆ ಯಾವುದಾದರೊಂದು ಹುದ್ದೆ ಖಾಲಿ ಇದ್ದೇ ಇರುತ್ತದೆ. ಒಂದು ವರ್ಷ ಇಂಗ್ಲಿಷ್ ಹುದ್ದೆ ಖಾಲಿ ಬಿತ್ತು. ‘ನೀವು ಬಿ.ಎಸ್ಸಿ. ಇಂಗ್ಲಿಷಿನಾಗ ಓದೀರಲ್ರಿ, ಹತ್ತನೇತ್ತಿಗೆ ನೀವೇ ತಗೋರಿ’ ಎಂದು ಮುಖ್ಯ ಗುರುಗಳು ಅಪ್ಪಣೆ ಮಾಡಿದರು. ಹೀಗೆ ಕೂಡಲಸಂಗಮದ ಸುತ್ತಿನ ಹುಡುಗ ಹುಡುಗಿಯರಿಗೆ ನಾನು ಒಂದು ವರ್ಷ ಇಂಗ್ಲಿಷ್ ಮಾಸ್ತರನೂ ಆದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ನನ್ನ ಕುಟುಂಬ’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಲು ಕೊಟ್ಟಿದ್ದೆ. ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗಿ ತನ್ನ ತಂದೆಯ ಬಗ್ಗೆ ಬರೆದಿದ್ದಳು. ತಂದೆ ಇಳಕಲ್ಲಿನಲ್ಲಿ ಸೀರೆ ನೇಯುವವರು. ಅವರ ಬಗ್ಗೆ ಅವಳು ಬರೆದ ಒಂದು ವಾಕ್ಯ ಹೀಗಿತ್ತು: ‘ಮೈ ಫಾದರ್ ಈಸ್ ಏಬಲ್ ನೈದರ್ ಟು ರೀಡ್ ನಾರ್ ರೈಟ್.’ ನನ್ನ ತಂದೆಗೆ ಓದಲೂ ಬರುವುದಿಲ್ಲ, ಬರೆಯಲೂ ಬರುವುದಿಲ್ಲ ಎಂದು ಅವಳು ಹೇಳಹೊರಟಿದ್ದು.

ನಾನು ‘ನಾರ್ ರೈಟ್’ ಎಂಬಲ್ಲಿ ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದೆ. ಮರುದಿನ ಉತ್ತರಪತ್ರಿಕೆ ಹಿಡಿದುಕೊಂಡು ಬಂದಳು.

‘ಸರ್, ಇದ್ರಾಗ ಏನ್ ತಪ್ಪೈತ್ರಿ?’

‘ಅಲ್ಲಿ ಇನ್ನೊಂದು ಟು ಬರಬೇಕವಾ.’

‘ಯಾಕ್ರಿ ಸರ್? ಒಂದ್ ಟು ಮೊದಲೇ ಐತೆಲ್ರಿ? ಟು ಎಲ್ಲಿ ಕೂಡಬೇಕ್ರಿ ಸರ್?’

ನನ್ನ ಬಳಿ ಉತ್ತರ ಇರಲಿಲ್ಲ. ‘ಇಂಗ್ಲಿಷ್‌ದಾಗ ಅದು ಹಂಗ’ ಎಂದುಬಿಟ್ಟೆ. ಅವಳು ಒಂದು ಕ್ಷಣ ನಿಂತಳು. ‘ವಿಜ್ಞಾನದಾಗ ಯಾಕ ಅಂತ ಕೇಳ್ರಿ ಅಂತೀರಿ, ಇಂಗ್ಲಿಷ್‌ದಾಗ ಕೇಳಬಾರದೇನ್ರಿ?’ ಎಂದು ಮೆಲ್ಲಗೆ ಹೇಳಿ ಹೋದಳು.

ಆ ಮಾತು ನನ್ನನ್ನು ಸುಮ್ಮನೆ ಬಿಡಲಿಲ್ಲ. ತಪ್ಪನ್ನು ಕಣ್ಣು ಗುರುತಿಸಿತ್ತು, ಕಾರಣ ಬುದ್ಧಿಗೆ ಗೊತ್ತಿರಲಿಲ್ಲ. ಕಾರಣ ತಿಳಿಯದೆ ಅಂಕ ಕಳೆಯುವುದು ಯಾವ ನ್ಯಾಯ? ಆ ಸಂಜೆ ಮಲಪ್ರಭೆ ಕೃಷ್ಣೆಯನ್ನು ಸೇರುವ ದಂಡೆಯ ಮೆಟ್ಟಿಲ ಮೇಲೆ ಕುಳಿತು ಅದನ್ನೇ ಯೋಚಿಸಿದೆ. ನಾರಾಯಣಪುರ ಜಲಾಶಯದ ಹಿನ್ನೀರು ತುಂಬಿ ನಿಂತಿತ್ತು. ಉತ್ತರ ಮಾತ್ರ ನೀರಿನಲ್ಲಿ ಸಿಗಲಿಲ್ಲ, ಏಳನೇ ತರಗತಿಯ ಗಣಿತದಲ್ಲಿ ಸಿಕ್ಕಿತು.

ಆವರಣ ಚಿಹ್ನೆಯ ಲೆಕ್ಕ

ವಿದ್ಯಾರ್ಥಿ ಮಿತ್ರರೇ, ಒಂದು ಸಣ್ಣ ಲೆಕ್ಕ ಮಾಡಿ.

2 × (3 + 4) = 14

2 × 3 + 2 × 4 = 14

2 × 3 + 4 = 10

2 × (3 + 2 × 4) = 22

ಮೊದಲ ಎರಡರ ಉತ್ತರ ಒಂದೇ. ಮೊದಲನೆಯದರಲ್ಲಿ 2 ಆವರಣದ ಹೊರಗೆ ಒಂದೇ ಸಲ ನಿಂತು ಒಳಗಿನ ಎರಡಕ್ಕೂ ಅನ್ವಯಿಸುತ್ತದೆ. ಎರಡನೆಯದರಲ್ಲಿ ಅದೇ 2 ಒಳಗೆ ಬಂದು ಎರಡೂ ಕಡೆ ಕುಳಿತಿದೆ. ಮೂರನೆಯದರಲ್ಲಿ 3ಕ್ಕೆ 2ರ ಪಾಲು ಸಿಕ್ಕಿದೆ, 4ಕ್ಕೆ ಸಿಕ್ಕಿಲ್ಲ. ನಾಲ್ಕನೆಯದರಲ್ಲಿ 4ಕ್ಕೆ ಎರಡು ಪಾಲು ಬಿದ್ದಿದೆ. ಒಬ್ಬನಿಗೆ ಮೋಸ, ಇನ್ನೊಬ್ಬನಿಗೆ ಲಾಭ!

ಈಗ 2ರ ಜಾಗದಲ್ಲಿ ‘ಟು’ ಇಡಿ. 3ರ ಜಾಗದಲ್ಲಿ ‘ರೀಡ್’, 4ರ ಜಾಗದಲ್ಲಿ ‘ರೈಟ್’. ಆವರಣ ತೆರೆಯುವ ಚಿಹ್ನೆಯೇ ‘ನೈದರ್’, ನಡುವಿನ ಕೂಡುವ ಚಿಹ್ನೆಯೇ ‘ನಾರ್’. ಅದೇ ನಾಲ್ಕು ಸಾಲು ಹೀಗಾಗುತ್ತವೆ:

ಒಂದು, ‘ಟು ನೈದರ್ ರೀಡ್ ನಾರ್ ರೈಟ್’: ಟು ಹೊರಗಿದೆ, ಇಬ್ಬರಿಗೂ ಸೇರಿದ್ದು. ಲೆಕ್ಕ ಸರಿ.

ಎರಡು, ‘ನೈದರ್ ಟು ರೀಡ್ ನಾರ್ ಟು ರೈಟ್’: ಟು ಒಳಗಿದೆ, ಇಬ್ಬರಿಗೂ ಒಂದೊಂದು. ಲೆಕ್ಕ ಸರಿ.

ಮೂರು, ‘ನೈದರ್ ಟು ರೀಡ್ ನಾರ್ ರೈಟ್’: ಟು ಒಳಗೆ ಬಂದಿದೆ, ಆದರೆ ಒಬ್ಬನಿಗೆ ಮಾತ್ರ. ಲೆಕ್ಕ ತಪ್ಪು. ನಮ್ಮ ಹುಡುಗಿ ಬರೆದದ್ದು ಇದನ್ನೇ.

ನಾಲ್ಕು, ‘ಟು ನೈದರ್ ರೀಡ್ ನಾರ್ ಟು ರೈಟ್’: ಹೊರಗೂ ಇದೆ, ಒಳಗೆ ಒಂದು ಕಡೆಯೂ ಇದೆ. ಇದೂ ತಪ್ಪು.

ಮರುದಿನ ಕಪ್ಪುಹಲಗೆಯ ಒಂದು ಬದಿಗೆ ಅಂಕಿಗಳನ್ನೂ ಇನ್ನೊಂದು ಬದಿಗೆ ಈ ನಾಲ್ಕು ಸಾಲುಗಳನ್ನೂ ಬರೆದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ‘ಮೂರನೇದ್ರಾಗ ನಂದು ಐತ್ರಿ ಸರ್’ ಎಂದಳು. ತನ್ನ ತಪ್ಪನ್ನು ತಾನೇ ಕಂಡುಹಿಡಿದ ಸಂತೋಷ ಅವಳ ದನಿಯಲ್ಲಿತ್ತು.

ಇಂಗ್ಲಿಷಿನಲ್ಲಿ ಇಂಥ ಜೋಡಿ ಪದಗಳು ಹಲವಿವೆ: ‘ಬೋತ್... ಅಂಡ್’, ‘ಐದರ್... ಆರ್’, ‘ನೈದರ್... ನಾರ್’, ‘ನಾಟ್ ಓನ್ಲಿ... ಬಟ್ ಆಲ್ಸೊ’, ‘ನಾಟ್... ಬಟ್’. ವ್ಯಾಕರಣದವರು ಇವನ್ನು ಕೋರಿಲೇಟಿವ್ ಎನ್ನುತ್ತಾರೆ. ‘ಟು’ ಸೇರಿದ ಕ್ರಿಯಾಪದಕ್ಕೆ ಇನ್‌ಫಿನಿಟಿವ್ ಎಂದು ಹೆಸರು. ಎಲ್ಲ ಜೋಡಿಗಳಿಗೂ ನಿಯಮ ಒಂದೇ. ಜೋಡಿಯ ಮೊದಲ ಪದದ ಮುಂದೆ ಯಾವ ಜಾತಿಯ ಪದ ಬಂದಿದೆಯೋ ಎರಡನೆಯದರ ಮುಂದೆಯೂ ಅದೇ ಜಾತಿಯದು ಬರಬೇಕು. ಒಂದರ ಮುಂದೆ ‘ಟು’ ಇದ್ದರೆ ಇನ್ನೊಂದರ ಮುಂದೆಯೂ ‘ಟು’.

ನಮ್ಮ ತಲೆಮಾರಿನವರು ಓದಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲೂ ಇದೇ ನಿಯಮವಿದೆ: ಜೋಡಿಪದಗಳು ತಾವು ಕೂಡಿಸಬೇಕಾದ ಪದಗಳಿಗೆ ತೀರ ಹತ್ತಿರ, ಅವುಗಳ ಹಿಂದೆಯೇ ನಿಲ್ಲಬೇಕು. ಆ ಪುಸ್ತಕದ ರೆನ್ ಸಾಹೇಬರು ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. 1956ರವರೆಗೆ ನಮ್ಮ ಹುನಗುಂದವೂ ಹಳೆಯ ವಿಜಾಪುರ ಜಿಲ್ಲೆಯ ಜೊತೆಗೆ ಮುಂಬೈಗೇ ಸೇರಿತ್ತು. ನೋಡಿ, ಅವರೂ ಒಂದು ಲೆಕ್ಕದಲ್ಲಿ ನಮ್ಮ ಇಲಾಖೆಯ ಮಾಸ್ತರರೇ!

ಕನ್ನಡದಲ್ಲಿ ಈ ತಪ್ಪು ಏಕೆ ಆಗುವುದಿಲ್ಲ?

ನಮ್ಮ ಮಕ್ಕಳು ಇಲ್ಲಿ ತಪ್ಪುವುದಕ್ಕೆ ದಡ್ಡತನ ಕಾರಣವಲ್ಲ. ಕನ್ನಡ ಈ ತೊಂದರೆಯನ್ನೇ ಕೊಡುವುದಿಲ್ಲ. ‘ಓದಲು’ ಎಂಬುದು ಒಂದೇ ಪದ. ಇಂಗ್ಲಿಷಿನ ‘ಟು’ ಮಾಡುವ ಕೆಲಸವನ್ನು ಇಲ್ಲಿ ‘ಅಲು’ ಎಂಬ ಪ್ರತ್ಯಯ ಮಾಡುತ್ತದೆ, ಧಾತುವಿಗೆ ಅಂಟಿಕೊಂಡೇ ಇರುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಅದೇ ‘ಓದಾಕ’, ‘ಬರಿಯಾಕ’. ಜೋಡಿಸುವ ‘ಊ’ ಕೂಡ ಬಂದು ಕೊನೆಗೆ ಅಂಟುತ್ತದೆ: ‘ಓದಲೂ ಬರೆಯಲೂ’, ‘ಓದಾಕೂ ಬರಿಯಾಕೂ’. ಪ್ರತ್ಯಯ ಪದವನ್ನು ಬಿಟ್ಟು ಅಲೆದಾಡಲಾರದು. ಇಂಗ್ಲಿಷಿನ ‘ಟು’ ಹಾಗಲ್ಲ, ಅದು ಬಿಡಿಯಾಗಿ ನಿಂತ ಪದ. ಬಿಡಿಯಾಗಿ ನಿಂತದ್ದು ದಾರಿ ತಪ್ಪಬಹುದು.

ಇನ್ನೊಂದು ಸ್ವಾರಸ್ಯ ನೋಡಿ. ‘ಓದಲೂ ಬರುವುದಿಲ್ಲ, ಬರೆಯಲೂ ಬರುವುದಿಲ್ಲ’ ಎನ್ನುವ ಬದಲು ನಾವು ‘ಓದಲೂ ಬರೆಯಲೂ ಬರುವುದಿಲ್ಲ’ ಎನ್ನುತ್ತೇವೆ. ಅಂದರೆ ‘ಬರುವುದಿಲ್ಲ’ ಎಂಬ ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆದೆವು! ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅದು ಆವರಣದ ಬಲಗಡೆ ನಿಂತಿತು. ಇಂಗ್ಲಿಷಿನಲ್ಲಿ ಎಡಗಡೆ ನಿಲ್ಲುತ್ತದೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾದ ಹಾಗೆ. ಆವರಣದ ಲೆಕ್ಕ ನಮ್ಮ ಮಕ್ಕಳಿಗೆ ತಾಯಿಯ ಮಾತಿನಲ್ಲೇ ಬಂದಿರುತ್ತದೆ, ಅದು ಲೆಕ್ಕ ಎಂದು ಗೊತ್ತಿರುವುದಿಲ್ಲ, ಅಷ್ಟೆ.

ಸಾವಿರ ವರ್ಷದ ಹಿಂದೆ ಇಂಗ್ಲಿಷೂ ಕನ್ನಡದ ಹಾಗೆಯೇ ಇತ್ತು ಎಂದರೆ ಆಶ್ಚರ್ಯವಾದೀತು. ಆಗಿನ ಇಂಗ್ಲಿಷಿನಲ್ಲಿ ‘ಬರೆಯಲು’ ಎಂಬುದಕ್ಕೆ ‘ವ್ರೀಟನ್’ ಎಂಬ ಒಂದೇ ಪದ. ನಮ್ಮ ‘ಅಲು’ವಿನಂತೆ ಅವರ ‘ಅನ್’ ಪ್ರತ್ಯಯ ಕೊನೆಗೆ ಅಂಟಿರುತ್ತಿತ್ತು. ‘ಟು’ ಸೇರಿದ ಇನ್ನೊಂದು ರೂಪವೂ ಜೊತೆಗಿತ್ತು. ಬರಬರುತ್ತ ಕೊನೆಯ ಪ್ರತ್ಯಯಗಳು ಸವೆದು ಹೋದವು, ‘ಟು’ ಉಳಿದುಕೊಂಡು ಗುರುತಿನ ಕೆಲಸವನ್ನೆಲ್ಲ ತಾನೇ ಹೊತ್ತಿತು.

ಸರಿಯಾದ ಎರಡರಲ್ಲಿ ಯಾವುದು?

ಲೆಕ್ಕದಲ್ಲಿ ಒಂದನೆಯ ಸಾಲೂ ಸರಿ, ಎರಡನೆಯದೂ ಸರಿ ಎಂದೆ. ಹಾಗಾದರೆ ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?

ಒಂದನೆಯದರಲ್ಲಿ ‘ಟು’ವಿಗೂ ‘ರೀಡ್’ಗೂ ನಡುವೆ ‘ನೈದರ್’ ನುಸುಳಿದೆ. ಹೀಗೆ ನಡುವೆ ಪದ ತೂರಿಸುವುದಕ್ಕೆ ಇಂಗ್ಲಿಷಿನವರು ‘ಸ್ಪ್ಲಿಟ್ ಇನ್‌ಫಿನಿಟಿವ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಮೇಲೆ ದೊಡ್ಡ ಗಲಾಟೆಯೇ ನಡೆಯಿತು. ಹೆನ್ರಿ ಆಲ್ಫರ್ಡ್ ಎಂಬ ವಿದ್ವಾಂಸ ಪಾದ್ರಿ 1864ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದು ಸಲ್ಲದು ಎಂದ. ಆಮೇಲೆ ಶಾಲೆಗಳಲ್ಲಿ ಅದೇ ಶಾಸನವಾಯಿತು. 1926ರಲ್ಲಿ ಫೌಲರ್ ಎಂಬ ಪದಕೋಶಕಾರ ಈ ಗಲಾಟೆಯನ್ನು ಕಂಡು ನಕ್ಕು, ಈ ವಿಷಯದಲ್ಲಿ ಇಂಗ್ಲಿಷ್ ಬಲ್ಲವರನ್ನು ಐದು ಪಂಗಡ ಮಾಡಿದ. ಏನೆಂದು ತಿಳಿಯದೆ ನಿಶ್ಚಿಂತೆಯಾಗಿರುವವರು ಒಂದು ಪಂಗಡ, ತಿಳಿಯದೆಯೇ ಹೆದರುವವರು ಇನ್ನೊಂದು. ಎಲ್ಲಿ ಸೀಳಬಹುದು, ಎಲ್ಲಿ ಸೀಳಬಾರದು ಎಂದು ವಿವೇಚಿಸುವವರು ಕೊನೆಯವರು. 1998ರಲ್ಲಿ ಆಕ್ಸ್‌ಫರ್ಡಿನ ಹೊಸ ನಿಘಂಟು ಇದನ್ನು ತಪ್ಪೆನ್ನಬೇಕಾಗಿಲ್ಲ ಎಂದು ಹೇಳಿತು.

ಆದರೂ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಎರಡನೆಯ ಸಾಲು. ಜೋಡಿಪದ ಮೊದಲು, ಆಮೇಲೆ ಎರಡೂ ಕಡೆ ‘ಟು’. ಇದನ್ನು ಯಾವ ಪಂಗಡದವರೂ ತಪ್ಪು ಎನ್ನಲಾರರು. ಉತ್ತರಪತ್ರಿಕೆ ತಿದ್ದುವವರು ಐದರಲ್ಲಿ ಯಾವ ಪಂಗಡದವರೋ ಯಾರಿಗೆ ಗೊತ್ತು! ಇನ್ನೂ ಸುಲಭ ದಾರಿ ಬೇಕೆ? ‘ಟು’ವನ್ನೇ ಬಿಡಿ. ‘ಮೈ ಫಾದರ್ ಕ್ಯಾನ್ ನೈದರ್ ರೀಡ್ ನಾರ್ ರೈಟ್.’ ಚಿಕ್ಕ ವಾಕ್ಯ, ಚೊಕ್ಕ ವಾಕ್ಯ.

ಎತ್ತಿನ ವ್ಯಾಪಾರ

‘ಅರ್ಥ ಆದರೆ ಸಾಕಲ್ರಿ, ಟು ಎಲ್ಲಿದ್ರೇನು?’ ಎಂದು ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಎಷ್ಟೋ ಸಲ ಅರ್ಥ ಆಗಿಯೇ ಆಗುತ್ತದೆ. ಆದರೆ ಕೆಲವು ಸಲ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ.

ಒಬ್ಬ ರೈತ ಇನ್ನೊಬ್ಬನಿಗೆ ಎತ್ತು ಕೊಟ್ಟ. ಕೊಂಡವನು ‘ಅಮವಾಸಿಗೆ ರೊಕ್ಕಾ ಕೊಡ್ತೀನಿ, ಇಲ್ಲಾ ಎತ್ತು ತಂದು ಕಟ್ತೀನಿ’ ಎಂದು ಮಾತು ಕೊಟ್ಟ. ಇದನ್ನು ಹೀಗೆ ಬರೆಯಬೇಕು: ‘ಹಿ ಪ್ರಾಮಿಸ್ಡ್ ಐದರ್ ಟು ಪೇ ದಿ ಮನಿ ಆರ್ ಟು ರಿಟರ್ನ್ ದಿ ಆಕ್ಸ್.’ ಮಾತು ಒಂದೇ, ದಾರಿ ಎರಡು.

ಈಗ ‘ಐದರ್’ ಪದವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ: ‘ಹಿ ಐದರ್ ಪ್ರಾಮಿಸ್ಡ್ ಟು ಪೇ ದಿ ಮನಿ ಆರ್ ಪ್ರಾಮಿಸ್ಡ್ ಟು ರಿಟರ್ನ್ ದಿ ಆಕ್ಸ್.’ ಈಗ ಅರ್ಥ ಬೇರೆಯಾಯಿತು: ‘ರೊಕ್ಕಾ ಕೊಡ್ತೀನಿ ಅಂದನೋ, ಎತ್ತು ತಂದು ಕಟ್ತೀನಿ ಅಂದನೋ, ನೆನಪಿಲ್ಲ.’ ಇಲ್ಲಿ ಮಾತು ಕೊಟ್ಟವನಿಗೆ ಎರಡು ದಾರಿ ಇಲ್ಲ. ಹೇಳುತ್ತಿರುವವನಿಗೆ ಎರಡು ಅನುಮಾನ ಇದೆ. ನಾಳೆ ಪಂಚರ ಮುಂದೆ ಕುಳಿತಾಗ ಈ ಒಂದು ಹೆಜ್ಜೆ ಒಂದು ಎತ್ತಿನ ಬೆಲೆಯಷ್ಟಾಗುತ್ತದೆ! ಕನ್ನಡದಲ್ಲಾದರೆ ಮೊದಲನೆಯದಕ್ಕೆ ‘ಇಲ್ಲಾ’, ಎರಡನೆಯದಕ್ಕೆ ‘ಓ’ ಎಂದು ಬೇರೆ ಬೇರೆ ಸಾಮಾನು ಇದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಐದರ್’ ಒಂದೇ. ಅಲ್ಲಿ ಅರ್ಥ ಹೇಳುವುದು ಪದವಲ್ಲ, ಪದ ನಿಂತ ಜಾಗ.

‘ನಾಟ್ ಓನ್ಲಿ’ ಎಂಬ ಜೋಡಿಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ‘ಶಿ ನಾಟ್ ಓನ್ಲಿ ವಾಂಟ್ಸ್ ಟು ಪಾಸ್ ಬಟ್ ಆಲ್ಸೊ ಟು ಸ್ಟಡಿ ಸೈನ್ಸ್’ ಎಂದು ಬರೆಯುತ್ತೇವೆ. ತಕ್ಕಡಿಯ ಒಂದು ತಟ್ಟೆಯಲ್ಲಿ ‘ವಾಂಟ್ಸ್ ಟು ಪಾಸ್’ ಇದೆ, ಇನ್ನೊಂದರಲ್ಲಿ ‘ಟು ಸ್ಟಡಿ’ ಮಾತ್ರ. ‘ವಾಂಟ್ಸ್’ ಇಬ್ಬರಿಗೂ ಸೇರಿದ ಅಪವರ್ತನ, ಅದನ್ನು ಹೊರಗೆ ತೆಗೆಯಿರಿ: ‘ಶಿ ವಾಂಟ್ಸ್ ನಾಟ್ ಓನ್ಲಿ ಟು ಪಾಸ್ ಬಟ್ ಆಲ್ಸೊ ಟು ಸ್ಟಡಿ ಸೈನ್ಸ್.’ ತಕ್ಕಡಿ ಸಮವಾಯಿತು.

ಪ್ರಾಮಾಣಿಕವಾಗಿ ಎರಡು ಮಾತು ಸೇರಿಸಬೇಕು. ‘ವೆದರ್ ಟು ಸ್ಟೇ ಆರ್ ಗೋ’ ಎಂಬುದರಲ್ಲಿ ಎರಡನೆಯ ‘ಟು’ ಇಲ್ಲದಿದ್ದರೂ ತಪ್ಪಲ್ಲ, ರೂಢಿಯಲ್ಲಿ ಹಾಗೆಯೇ ಇದೆ. ಅಲ್ಲಿ ‘ಆರ್’ ಕೂಡಿಸುವುದು ‘ಸ್ಟೇ’ ಮತ್ತು ‘ಗೋ’ಗಳನ್ನು ಮಾತ್ರ, ‘ಟು’ ಅವೆರಡಕ್ಕೂ ಹೊರಗಿನ ಅಪವರ್ತನ. ಎರಡನೆಯ ಮಾತು: ಇಂಗ್ಲಿಷ್ ಮನೆಮಾತಾದವರು ಮಾತಿನ ಓಟದಲ್ಲಿ ಈ ತೂಕವನ್ನು ಎಷ್ಟೋ ಸಲ ತಪ್ಪುತ್ತಾರೆ, ಕೇಳುವವರಿಗೆ ಅರ್ಥವೂ ಆಗುತ್ತದೆ. ಮಾತಿಗೆ ದನಿಯ ಸಹಾಯವಿದೆ. ಬರಹಕ್ಕೆ ಜಾಗವೊಂದೇ ಆಸರೆ.

ನೀವೇ ತೂಗಿ ನೋಡಿ

ಕೆಳಗಿನ ನಾಲ್ಕು ವಾಕ್ಯಗಳಲ್ಲಿ ಒಂದು ಮಾತ್ರ ಸರಿ. ಯಾವುದು?

1. ‘ಶಿ ನಾಟ್ ಓನ್ಲಿ ಲೈಕ್ಸ್ ಟು ಸಿಂಗ್ ಬಟ್ ಆಲ್ಸೊ ಟು ಡ್ರಾ.’

2. ‘ಯು ಆರ್ ರಿಕ್ವೆಸ್ಟೆಡ್ ಐದರ್ ಟು ಪೇ ದಿ ಫೀ ಆರ್ ಮೀಟ್ ದಿ ಹೆಡ್‌ಮಾಸ್ಟರ್.’

3. ‘ವಿ ಕೇಮ್ ನಾಟ್ ಟು ಕ್ವಾರಲ್ ಬಟ್ ಟು ಟಾಕ್.’

4. ‘ಪ್ಲಾಂಟ್ಸ್ ನೀಡ್ ವಾಟರ್ ಬೋತ್ ಟು ಮೇಕ್ ಫುಡ್ ಅಂಡ್ ಫಾರ್ ಗ್ರೋತ್.’

ಮೂರನೆಯದು ಸರಿ. ಮೊದಲನೆಯದರಲ್ಲಿ ‘ಲೈಕ್ಸ್’ ಪದ ‘ನಾಟ್ ಓನ್ಲಿ’ಗಿಂತ ಮೊದಲು ಬರಬೇಕು. ಎರಡನೆಯದರಲ್ಲಿ ‘ಆರ್ ಟು ಮೀಟ್’ ಆಗಬೇಕು. ನಾಲ್ಕನೆಯದರಲ್ಲಿ ಒಂದು ತಟ್ಟೆಗೆ ಕ್ರಿಯಾಪದ, ಇನ್ನೊಂದಕ್ಕೆ ನಾಮಪದ ಬಿದ್ದಿದೆ. ‘ಬೋತ್ ಟು ಮೇಕ್ ಫುಡ್ ಅಂಡ್ ಟು ಗ್ರೋ’ ಎಂದರೆ ಸಮ.

ನೇಕಾರರ ಮಾತು

ಆ ಹುಡುಗಿಯ ತಂದೆ ಪಾಲಕರ ಸಭೆಗೆ ಇಳಕಲ್ಲಿನಿಂದ ಬಂದರು. ಮಗಳ ಉತ್ತರಪತ್ರಿಕೆಗಳನ್ನು ಒಂದೊಂದಾಗಿ ತಿರುವಿದರು. ಅಕ್ಷರ ಬರದವರು ಹಾಳೆ ತಿರುವುವಾಗ ಕಣ್ಣು ಕೆಂಪು ಗೆರೆಗಳ ಮೇಲೇ ಹೋಗುತ್ತದೆ. ‘ಇಲ್ಲೇನು ಕೆಂಪು ಗೆರಿ ಹೊಡದೀರಲ್ರಿ ಸರ್, ಏನ್ ತಪ್ಪು ಮಾಡ್ಯಾಳ್ರಿ?’ ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಆ ವಾಕ್ಯದಲ್ಲಿ ಏನು ಬರೆದಿದೆ ಎಂದು ಹೇಳಬೇಕಲ್ಲ ಎಂಬ ಸಂಕೋಚ ಅವಳಿಗೆ, ಹೇಗೆ ಹೇಳಲಿ ಎಂಬ ಸಂಕೋಚ ನನಗೆ. ಕೊನೆಗೆ ಅವಳೇ ಹೇಳಿದಳು: ‘ಅಪ್ಪಾ, ನಿನಗ ಓದಾಕೂ ಬರಂಗಿಲ್ಲ, ಬರಿಯಾಕೂ ಬರಂಗಿಲ್ಲ ಅಂತ ಬರದೀನಿ.’

‘ಖರೇ ಐತೆಲ್ಲ? ಅದ್ರಾಗ ತಪ್ಪೇನೈತಿ?’

ತಪ್ಪು ಮಾತಿನಲ್ಲಿಲ್ಲ, ಒಂದು ಸಣ್ಣ ಪದದ ಜಾಗದಲ್ಲಿದೆ ಎಂದೆ. ‘ಓದಾಕೂ’ ಎಂದು ಒಂದು ಕಡೆ ಹೇಳಿ ಇನ್ನೊಂದು ಕಡೆ ಬರೀ ‘ಬರಿ’ ಎಂದು ಬಿಟ್ಟ ಹಾಗಾಗಿದೆ ಎಂದು ವಿವರಿಸಿದೆ. ಅವರು ನಕ್ಕರು. ‘ಹಂಗ ಯಾರ್ ಅಂತಾರ್ರಿ? ಸೆರಗು ಕೂಡ್ಸಿದಂಗ ಅನ್ರಿ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೀವ್ರಿ. ಈ ಕಡೆ ಎಳಿ ಇದ್ದು ಆ ಕಡೆ ಇಲ್ಲಂದ್ರ ಸೀರಿ ಅಲ್ಲೇ ಬಾಯಿ ಬಿಡತೈತಿ.’

ಇಳಕಲ್ ಸೀರೆಯ ಹೆಸರೇ ಆ ಕೊಂಡಿಯಿಂದ ಬಂದದ್ದು ಎಂದರೂ ಸಲ್ಲುತ್ತದೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಕೆಲಸ ಮಗ್ಗದ ಮನೆಯವರ ತಾಳ್ಮೆಯ ಕೆಲಸ. ನಾನು ಒಂದು ಸಂಜೆಯೆಲ್ಲ ಕುಳಿತು ಲೆಕ್ಕದಲ್ಲಿ ಕಂಡುಕೊಂಡದ್ದನ್ನು ಅವರು ಕೈಯ ಅನುಭವದಿಂದ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಮಗಳು ತಲೆ ಎತ್ತಿದಳು. ಕಳೆದಿದ್ದ ಅರ್ಧ ಅಂಕವನ್ನು ನಾನು ಮರಳಿ ಕೊಡಲಿಲ್ಲ. ತಪ್ಪು ತಪ್ಪೇ. ಅವಳೂ ಕೇಳಲಿಲ್ಲ.

ಇದನ್ನೆಲ್ಲ ಇಷ್ಟು ದೀರ್ಘವಾಗಿ ಏಕೆ ಬರೆದೆನೆಂದರೆ, ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು. ವಿಜ್ಞಾನಕ್ಕೆ ಕಾಲಿಟ್ಟ ದಿನ ಎಲ್ಲವೂ ಇಂಗ್ಲಿಷ್ ಆಗಿಬಿಡುತ್ತದೆ. ವಿಜ್ಞಾನ ಚೆನ್ನಾಗಿ ಬರುವ ಎಷ್ಟೋ ಮಕ್ಕಳು ‘ನಮಗ ಇಂಗ್ಲಿಷ್ ಬರಂಗಿಲ್ರಿ’ ಎಂದು ಆ ಬಾಗಿಲಿನಿಂದ ಹಿಂದಿರುಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಗ್ಲಿಷಿಗೆ ಕಾರಣವಿಲ್ಲ, ಅದು ದೊಡ್ಡವರಿಗೆ ಮಾತ್ರ ಒಲಿಯುವ ವಿದ್ಯೆ ಎಂಬ ಭಾವನೆಯೇ ಆ ಹೆದರಿಕೆಯ ಬೇರು. ‘ಅದು ಹಂಗ’ ಎಂದು ಬಾಯಿ ಮುಚ್ಚಿಸುವ ನನ್ನಂಥ ಮಾಸ್ತರರಿಗೂ ಅದರಲ್ಲಿ ಪಾಲಿದೆ.

ತಂದೆ ತಾಯಿಗಳಿಗೆ ಒಂದು ಮಾತು. ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ಮಗುವಿನ ಪುಸ್ತಕದಿಂದ ದೂರ ಕೂಡಬೇಡಿ. ‘ಈ ವಾಕ್ಯಾನ ಕನ್ನಡದಾಗ ಹೇಳು’ ಎಂದು ಕೇಳಿ. ಮಗು ಹೇಳುವಾಗ ಎರಡೂ ಕಡೆ ತೂಕ ಸರಿಯಿದೆಯೇ ಎಂದು ನಿಮ್ಮ ಕಿವಿಗೆ ತಿಳಿಯುತ್ತದೆ. ಅಲ್ಲಿ ತಿಳಿದದ್ದನ್ನು ಇಂಗ್ಲಿಷಿಗೆ ದಾಟಿಸುವುದು ಮಗುವಿನ ಕೆಲಸ, ಕಾರಣ ಹೇಳುವುದು ನಮ್ಮ ಕೆಲಸ.

ಆ ಹುಡುಗಿ ಪಿ.ಯು.ಗೆ ವಿಜ್ಞಾನವನ್ನೇ ತೆಗೆದುಕೊಂಡಳು. ಮೊದಲ ತಿಂಗಳು ಕಷ್ಟವಾಯಿತಂತೆ. ದಸರೆ ರಜೆಗೆ ಬಂದಾಗ ಭೌತಶಾಸ್ತ್ರದ ಪುಸ್ತಕ ತೆರೆದು ಒಂದು ವಾಕ್ಯದ ಮೇಲೆ ಬೆರಳಿಟ್ಟು, ‘ಸರ್, ಇಲ್ಲಿ ಟು ಎರಡ್ ಕಡೆ ಇಲ್ರಿ, ಪುಸ್ತಕದವ್ರೇ ತಪ್ಪ್ಯಾರ’ ಎಂದಳು. ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು.